ಹಳೆ ಲಾರಿಯನ್ನು ತೂಕಕ್ಕೆ ಹಾಕುವ ಮುನ್ನ

ಹೊನ್ನಾವರದಲ್ಲಿ ಶರಾವತಿ ಸೇತುವೆ ದಾಟಿ, ಕಾಸರಕೋಡಿನ ಮುಂದೆ ಅಪ್ಸರಕೊಂಡದ ಗುಡ್ಡ ಹತ್ತಿದವರು ಪಡುವಣದ ಸಮುದ್ರ ನೋಡಿ ಇಳಿಯುವುದು ವಾಡಿಕೆ. ಮೂಡಣಕ್ಕಿರುವುದು ಹೆದ್ದಾರಿ, ಅದರಾಚೆ ಕೊಂಕಣ ರೈಲಿನ ಹಳಿ. ಸರಕು ತುಂಬಿದ ಲಾರಿಗಳೇ ರೈಲು ಏರಿ ಪ್ರಯಾಣ ಮಾಡುವ ವ್ಯವಸ್ಥೆಯನ್ನು ಕೊಂಕಣ ರೈಲ್ವೆ 1999ರಲ್ಲಿ ಆರಂಭಿಸಿತು. ಮುಂದೆ ಅದು ಸುರತ್ಕಲ್ಲಿನವರೆಗೆ ವಿಸ್ತರಿಸಿ ಈ ಹಳಿಗೂ ಬಂತು. ಹಾಗೆ ಹೋಗುವ ಲಾರಿಗಳಲ್ಲಿ ಮರದ ಕ್ಯಾಬಿನ್ನಿನದು ಒಂದನ್ನು ಹುಡುಕಿದರೂ ಸಿಗಲಾರದು. ಆದರೆ ಸೇತುವೆಗಳಾಗುವ ಮೊದಲು ಜೋಡಿದೋಣಿಯ ಜಂಗಲ್ ಏರಿ ಹೊಳೆ ದಾಟಿದ ಲಾರಿಗಳು, ಮಾಲೆಮನೆ ಘಟ್ಟ, ದೇವಿಮನೆ ಘಟ್ಟಗಳಲ್ಲಿ ನಮ್ಮ ಅಡಿಕೆ ಮೂಟೆ ಹೊತ್ತು ಏರಿ ಇಳಿದ ಲಾರಿಗಳು, ಹೆಚ್ಚುಕಡಿಮೆ ಎಲ್ಲವೂ ಮರದ ಬಾಡಿಯವೇ. ಕೊಡಗು, ಚಿಕ್ಕಮಗಳೂರುಗಳ ಕಾಫಿ ಚೀಲಗಳ ಕಥೆಯೂ ಬೇರೆಯಲ್ಲ.

ಅವುಗಳಲ್ಲಿ ಅಳಿದುಳಿದವು ಇಂದು ತೋಟಿಗರ ಕೊಟ್ಟಿಗೆಯ ಹಿಂದೆ, ದಬ್ಬೆಯ ಮಾಡಿನ ಕೆಳಗೆ, ಕೆಲವು ಕಡೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿಕೊಂಡು ನಿಂತಿವೆ. ಗುಜರಿಯವನು ವರ್ಷಕ್ಕೊಮ್ಮೆ ಬಂದು ಸುತ್ತು ಹಾಕಿ ಕಿಲೋ ಲೆಕ್ಕದ ದರ ಹೇಳಿ ಹೋಗುತ್ತಾನೆ. ಅಂಥ ಲಾರಿಯೊಂದನ್ನು ಮತ್ತೆ ಕಟ್ಟಿ ನಿಲ್ಲಿಸಬೇಕೆಂಬ ಹುಚ್ಚು ಇರುವವರೂ ಈಗ ಅಲ್ಲಲ್ಲಿ ಇದ್ದಾರೆ. ಮಾಲು ನಮ್ಮಲ್ಲಿರುವುದರಿಂದ, ಅದರಲ್ಲಿ ಯಾವುದಕ್ಕೆ ಬೆಲೆ, ಯಾವುದಕ್ಕೆ ಇಲ್ಲ ಎಂಬುದನ್ನು ಮೊದಲು ನಾವು ತಿಳಿದಿರಬೇಕು.

ಆ ಕಾಲದ ಕಾರ್ಖಾನೆಗಳು ಇಡೀ ಲಾರಿಯನ್ನು ಕೊಡುತ್ತಿರಲಿಲ್ಲ. ಬರುತ್ತಿದ್ದುದು ಎಂಜಿನ್, ಗಾಲಿಗಳಿರುವ ಚಾಸಿ, ಮತ್ತು ಮುಂದುಗಡೆ ಬಾನೆಟ್ಟು, ಗ್ರಿಲ್ಲು, ಡ್ಯಾಶ್‌ಬೋರ್ಡು ಸೇರಿದ ತಗಡಿನ ಮೂತಿ. ಈ ಮೂತಿಗೆ ಗ್ಯಾರೇಜಿನವರು ಕೌಲ್ ಎನ್ನುತ್ತಾರೆ. ಕ್ಯಾಬಿನ್ನೂ ಹಿಂದಿನ ಬಾಡಿಯೂ ಆಚಾರಿಯ ಕೈಕೆಲಸ. ಡ್ರೈವರ್ ಕೂರುವ ಮನೆಗೆ ಮರದ ಚೌಕಟ್ಟು, ಹೊರಗಡೆ ತಗಡು. (2025ರ ಅಕ್ಟೋಬರಿನಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಗಿದೆ. ಎಂಜಿನ್ನಿನ ಕಾವಿಗೆ ಕಾಲು ಬೇಯಿಸಿಕೊಂಡು ಘಟ್ಟ ಹತ್ತಿಸಿದ ಹಿಂದಿನ ಡ್ರೈವರುಗಳು ಕೇಳಿದರೆ ನಕ್ಕಾರು.)

ನಮ್ಮ ರಸ್ತೆಗಳಲ್ಲಿ ಓಡಿದವು ಮುಖ್ಯವಾಗಿ ನಾಲ್ಕು ಮನೆತನದವು. ಟೆಲ್ಕೋ ಸಂಸ್ಥೆ 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಜಮ್ಶೆಡ್‌ಪುರದಲ್ಲಿ ಲಾರಿ ತಯಾರಿಕೆ ಶುರುಮಾಡಿತು. ಆ ಒಪ್ಪಂದ 1969ರಲ್ಲಿ ಮುಗಿಯಿತು. ಗ್ರಿಲ್ಲಿನ ಮೇಲೆ ಮೂರು ಮೊನೆಯ ನಕ್ಷತ್ರವಿದ್ದರೆ ಅದು ಒಪ್ಪಂದದ ಕಾಲದ್ದೆಂದು ತಿಳಿಯಬಹುದು. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಸಂಸ್ಥೆ ಮಾಡುತ್ತಿದ್ದ ಡಾಜ್, ಫಾರ್ಗೊ, ಡಿಸೋಟೊಗಳು ಹೆಸರಿಗೆ ಮೂರು, ಒಳಗೆ ಬಹುಪಾಲು ಒಂದೇ. ಆದುದರಿಂದ ಫಾರ್ಗೊ ಕಟ್ಟುವವನು ಡಾಜ್ ಲಾರಿಯ ಅವಶೇಷವನ್ನೂ ಬಿಡಬಾರದು. ಕಲ್ಕತ್ತೆಯ ಹತ್ತಿರದ ಉತ್ತರಪಾರಾದ ಹಿಂದುಸ್ತಾನ್ ಬೆಡ್‌ಫರ್ಡ್, ಮದರಾಸಿನ ಎಣ್ಣೂರಿನ ಲೇಲ್ಯಾಂಡ್ ಕಾಮೆಟ್, ಇವು ಇನ್ನೆರಡು.

ಇನ್ನು ತೂಕದ ಮಾತು. ಗುಜರಿಯ ತಕ್ಕಡಿಯಲ್ಲಿ ಹೆಚ್ಚು ತೂಗುವುದು ಎಂಜಿನ್ನು, ಹಿಂದಿನ ಹೌಸಿಂಗು, ಚಾಸಿಯ ತೊಲೆಗಳು. ಆದರೆ ಲಾರಿಯನ್ನು ಮತ್ತೆ ಕಟ್ಟುವವನಿಗೆ ಎಂಜಿನ್ ದೊಡ್ಡ ಚಿಂತೆಯೇ ಅಲ್ಲ. ಟಾಟಾದ 692, 697 ಎಂಜಿನ್‌ಗಳನ್ನು ನೋಡಿ: ಮೊದಲ ಅಂಕೆ ಆರು ಸಿಲಿಂಡರು, ಉಳಿದೆರಡು ಸಿಲಿಂಡರಿನ ಒಳ ಅಗಲ, 92 ಅಥವಾ 97 ಮಿಲಿಮೀಟರು. ಇವು ದಶಕಗಳ ಕಾಲ ಲೆಕ್ಕವಿಲ್ಲದಷ್ಟು ಲಾರಿ, ಬಸ್ಸುಗಳಲ್ಲಿ ದುಡಿದವು. ಪಿಸ್ಟನ್, ಲೈನರ್, ಬೇರಿಂಗುಗಳನ್ನು ಇಂದಿಗೂ ಹುಡುಕಿ ತರಬಹುದು. ಡೀಸೆಲ್ ಪಂಪಿನ ಮೇಲೆ ಮೈಕೊ ಎಂಬ ಹೆಸರಿದ್ದರೆ ಅದು 1951ರಲ್ಲಿ ಸ್ಥಾಪನೆಯಾದ ನಮ್ಮ ಬೆಂಗಳೂರಿನ ಕಾರ್ಖಾನೆಯದು. ಕಂಪನಿಯ ಹೆಸರು 2008ರಲ್ಲಿ ಬಾಷ್ ಎಂದು ಬದಲಾದರೂ ಆ ಪಂಪು ಬಿಚ್ಚಿ ಸರಿಮಾಡಬಲ್ಲ ಕೈಗಳು ಊರೂರಲ್ಲಿವೆ.

ಸಿಗದಿರುವುದು ತೂಕವೇ ಇಲ್ಲದ ಸಾಮಾನು. ಕೌಲಿನ ತಗಡು, ಬಾನೆಟ್ಟಿನ ಎರಡು ರೆಕ್ಕೆಗಳು, ಗ್ರಿಲ್ಲು, ಹೆಸರಿನ ಬಿಲ್ಲೆ, ದೀಪದ ಬಳೆಗಳು, ಡ್ಯಾಶ್‌ಬೋರ್ಡಿನ ಮೀಟರುಗಳು, ಸ್ಟೇರಿಂಗ್ ಚಕ್ರ, ಬಾಗಿಲ ಕೀಲುಗಳು, ಕಂಪನಿಯ ನಂಬರು ಕೆತ್ತಿದ ತಗಡು. ಇವೆಲ್ಲ ಸೇರಿದರೂ ಗುಜರಿಯವನ ಲೆಕ್ಕದಲ್ಲಿ ಒಂದು ಹೊತ್ತಿನ ಸಂತೆ ಖರ್ಚು ಹುಟ್ಟದು. ಅವನು ಗ್ಯಾಸ್ ಕಟರಿನಿಂದ ಮೊದಲು ಕೊಯ್ಯುವುದೂ ಇದನ್ನೇ, ಒಳಗಿನ ಎಂಜಿನ್ ಎತ್ತಲು ಅಡ್ಡ ಬರುತ್ತದೆಂದು! ಲಾರಿಯನ್ನು ಕೊಡುವುದೇ ಆದರೂ ಈ ಸಾಮಾನುಗಳನ್ನು ಬಿಚ್ಚಿ ಅಟ್ಟಕ್ಕೆ ಹಾಕಿಕೊಳ್ಳಿ. ಬೇಕಾದವನು ಬಂದಾಗ ನಗದ ಲೆಕ್ಕದಲ್ಲಿ ಮಾತಾಡಿ, ಕಿಲೋ ಲೆಕ್ಕದಲ್ಲಲ್ಲ.

ಮರದ ಬಾಡಿಯ ವಿಷಯದಲ್ಲಿ ಇದೇ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಚಾಸಿಯ ಎರಡು ಉಕ್ಕಿನ ತೊಲೆಗಳ ಮೇಲೆ ಎರಡು ಮರದ ತೊಲೆಗಳು ಉದ್ದಕ್ಕೆ ಕೂರುತ್ತವೆ. ಅವುಗಳ ಮೇಲೆ ಅಡ್ಡ ತೊಲೆ, ಅದರ ಮೇಲೆ ಹಲಗೆಯ ಹಾಸು. ಅಂಚಿನ ಕಬ್ಬಿಣದ ಗೂಡುಗಳಲ್ಲಿ ಗೂಟಗಳು, ಗೂಟಕ್ಕೆ ಬದಿ ಹಲಗೆ, ಮೂಲೆಗೆ ಪಟ್ಟಿ. ಇಷ್ಟೂ ಬೋಲ್ಟಿನ ಜೋಡಣೆ. ಚಾಸಿಗೆ ಮರವನ್ನು ಕಟ್ಟುವುದು ಯು ಆಕಾರದ ಬೋಲ್ಟಿನಿಂದ. ಚಾಸಿಯ ಮೇಲಂಚಿಗೆ ತೂತು ಕೊರೆದರೆ ಅದು ಅಲ್ಲಿಂದಲೇ ಬಿರಿಯುತ್ತದೆ. ಘಟ್ಟದ ತಿರುವಿನಲ್ಲಿ ಒಂದು ಗಾಲಿ ಗುಂಡಿಗೆ ಇಳಿದಾಗ ಚಾಸಿ ತಿರುಚಿಕೊಳ್ಳುವುದುಂಟು. ಬೋಲ್ಟಿನ ಮರ ಅದರೊಡನೆ ತುಸು ಬಾಗಿ ಮತ್ತೆ ಸ್ವಸ್ಥಾನಕ್ಕೆ ಬರುತ್ತದೆ. ಮುರಿದ ಹಲಗೆಯನ್ನು ಹಳ್ಳಿಯ ಆಚಾರಿಯೇ ಆ ದಿನವೇ ಬದಲಾಯಿಸಬಲ್ಲ. ಭಾರ ಹೆಚ್ಚು, ಮಳೆಗಾಲದಲ್ಲಿ ನೀರು ಕುಡಿದು ಇನ್ನಷ್ಟು ಹೆಚ್ಚು ಎಂಬ ದೋಷವೂ ಅದಕ್ಕೆ ಇದ್ದೇ ಇತ್ತು.

ಹೀಗೆ ಕಟ್ಟಿದವರು ನಕ್ಷೆ ಬರೆದಿಡಲಿಲ್ಲ. ನಕ್ಷೆಯೆಂದರೆ ಆ ಕೊಳೆತ ಬಾಡಿಯೇ. ಆದುದರಿಂದ ಒರಲೆ ತಿಂದ ಮರವೆಂದು ಒಲೆಗೆ ಹಾಕಬಾರದು. ಬಿಚ್ಚುವ ಮೊದಲೇ ಉದ್ದ, ಅಗಲ, ಮೂಲೆಯಿಂದ ಮೂಲೆಗೆ ಅಳತೆ ತೆಗೆದುಕೊಳ್ಳಿ. ಕ್ಯಾಬಿನ್ನಿನ ಬಾಗಿಲ ಚೌಕಟ್ಟು, ಮಾಡಿನ ಬಾಗು, ಇವನ್ನು ರಟ್ಟಿನ ಮೇಲೋ ಪ್ಲೈವುಡ್ಡಿನ ಮೇಲೋ ಗೆರೆ ಎಳೆದು ಕತ್ತರಿಸಿಡಿ. ಮೊಬೈಲಿನಲ್ಲಿ ನಾಲ್ಕು ಕಡೆಯಿಂದ ಚಿತ್ರ ತೆಗೆಯಿರಿ. ಬಾಡಿಯ ಕಬ್ಬಿಣ, ಅಂದರೆ ಗೂಡು, ಕೀಲು, ಚಿಲಕ, ಪಟ್ಟಿಗಳು, ಕಮ್ಮಾರಸಾಲೆಯಲ್ಲಿ ಬಡಿದು ಮಾಡಿದಂಥವು. ಒಂದೊಂದಕ್ಕೂ ಎಡ, ಬಲ, ಹಿಂದೆ, ಮುಂದೆ ಎಂದು ಚೀಟಿ ಕಟ್ಟಬೇಕು.

ಅಪ್ಸರಕೊಂಡದ ಸುತ್ತ ಇದ್ದುಕೊಂಡು ಈ ಕೆಲಸಕ್ಕಿಳಿದವನು ಬಿಡಿಭಾಗಕ್ಕೆ ಎಲ್ಲಿ ಅಲೆಯಬೇಕು? ಮೊದಲು ಕಡಲ ಕಡೆಗೆ. ಲಾರಿಯ ಡೀಸೆಲ್ ಎಂಜಿನ್ನುಗಳು ಮೀನುಗಾರಿಕೆ ದೋಣಿಗಳಿಗೆ ಹೋದದ್ದುಂಟು. ದೋಣಿ ದುರಸ್ತಿ ಮಾಡುವ ಮಿಸ್ತ್ರಿಗಳ ಮೂಲೆಯಲ್ಲಿ ಲೇಲ್ಯಾಂಡಿನ ತುಣುಕು ಕಂಡರೆ ಆಶ್ಚರ್ಯವಿಲ್ಲ. ದೋಣಿ ಕಟ್ಟುವ ಆಚಾರಿಯನ್ನೂ ಅಲ್ಲೇ ಮಾತಾಡಿಸಿ. ಬಾಗಿದ ಮರ, ಬೋಲ್ಟಿನ ಜೋಡಣೆ, ನೀರು ತಡೆಯುವ ಸಂದು, ಇವು ಮೂರೂ ಬಲ್ಲವನು ಇಂದು ಅವನೊಬ್ಬನೇ ಎನ್ನಬೇಕು. ಆಮೇಲೆ ಕೆಂಪುಕಲ್ಲು ಕಡಿಯುವ ಕಡೆಗೆ; ಮುದಿ ಲಾರಿಗಳ ಕೊನೆಗಾಲದ ದುಡಿಮೆ ಹೆಚ್ಚಾಗಿ ಕಲ್ಲು ಹೊರುವುದೇ. ಕರಾವಳಿಯಲ್ಲಿ ಸಿಕ್ಕ ತಗಡನ್ನು ಮಾತ್ರ ಬೆರಳಿಂದ ಒತ್ತಿ ನೋಡಿ ಕೊಳ್ಳಬೇಕು, ಉಪ್ಪುಗಾಳಿ ಬಣ್ಣದ ಕೆಳಗೇ ತಿಂದಿರುತ್ತದೆ. ಚೆನ್ನಾದ ತಗಡು ಬೇಕಾದರೆ ಘಟ್ಟ ಹತ್ತಿ ಬಯಲುಸೀಮೆಯ ಮೋರೆ ನೋಡುವುದೇ ಲೇಸು. ಹುಬ್ಬಳ್ಳಿ, ಕೊನೆಗೆ ಬೆಂಗಳೂರಿನ ಶಿವಾಜಿನಗರದ ಗುಜರಿ.

ಬಿಚ್ಚುವಾಗ ಅವಸರ ಬೇಡ. ಹಿಡಿದ ಎಂಜಿನ್ನಿನ ಸಿಲಿಂಡರುಗಳಿಗೆ ಡೀಸೆಲ್ ಮತ್ತು ಎಣ್ಣೆ ಬೆರೆಸಿ ಹೊಯ್ದು ಕೆಲವು ದಿನ ಬಿಟ್ಟು, ಕೈಯಿಂದ ಮೆಲ್ಲಗೆ ತಿರುಗಿಸಿ ನೋಡಬೇಕು. ಇನ್ನೊಂದು ವಾಹನಕ್ಕೆ ಕಟ್ಟಿ ಎಳೆದರೆ ಕನೆಕ್ಟಿಂಗ್ ರಾಡು ಬಾಗಿದಂತೆಯೇ. ಹಳೆಯ ಬ್ರೇಕ್ ಪಟ್ಟಿಗಳಲ್ಲಿ ಕಲ್ನಾರು ಇರುತ್ತದೆ. ಅದರ ಧೂಳನ್ನು ಗಾಳಿ ಹೊಡೆದು ಹಾರಿಸಬಾರದು, ಒದ್ದೆಬಟ್ಟೆಯಿಂದ ಒರಸಬೇಕು. ಎಲ್ಲಕ್ಕಿಂತ ಅಪಾಯ ಗಾಲಿಯದು. ಆ ಕಾಲದ ಲಾರಿಗಳ ಟಯರನ್ನು ಹಿಡಿದಿರುವುದು ಲಾಕ್ ರಿಂಗ್ ಎಂಬ ಬಳೆ. ಗಾಳಿ ಪೂರ್ತಿ ತೆಗೆಯದೆ ಅದಕ್ಕೆ ಕೈ ಹಾಕಕೂಡದು. ತುಕ್ಕು ಹಿಡಿದ ಬಳೆಗೆ ಮತ್ತೆ ಗಾಳಿ ತುಂಬಿಸಿದರೆ ಅದು ಸಿಡಿದು ಜೀವ ತೆಗೆಯುತ್ತದೆ.

ಕಾಗದಪತ್ರದ ಸಂಗತಿ ಲಾರಿ ಕೊಳ್ಳುವ ಮೊದಲೇ ಆಗಬೇಕು. ಚಾಸಿಯ ಮೇಲಿನ ನಂಬರು ಆರ್.ಸಿ. ಪುಸ್ತಕದೊಡನೆ ತಾಳೆಯಾಗುತ್ತದೆಯೇ, ತೆರಿಗೆ ಬಾಕಿ ಎಷ್ಟು ಬೆಳೆದಿದೆ ಎಂದು ಸಾರಿಗೆ ಕಚೇರಿಯಲ್ಲಿ ವಿಚಾರಿಸಿ. ಬೇರೆ ಎಂಜಿನ್ ಕೂರಿಸಿದರೆ 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಂತೆ ಅನುಮತಿ ಪಡೆದು ದಾಖಲಿಸಬೇಕು. ಇತ್ತ ಲಾರಿಯನ್ನು ಒಡೆಸಿ ಹಾಕುವವರು 55ನೇ ಕಲಮಿನಂತೆ 14 ದಿನಗಳೊಳಗೆ ತಿಳಿಸಿ ನೋಂದಣಿ ರದ್ದು ಮಾಡಿಸಿಕೊಳ್ಳಬೇಕು. ತಪ್ಪಿದರೆ ಲಾರಿ ಕರಗಿಹೋದರೂ ತೆರಿಗೆ ನಮ್ಮ ಹೆಸರಿನಲ್ಲಿ ಬೆಳೆಯುತ್ತಿರುತ್ತದೆ.

ಇನ್ನೊಂದು ನಿರಾಶೆಯ ಮಾತನ್ನೂ ಹೇಳಿಬಿಡಬೇಕು. ಕೇಂದ್ರ ಸರಕಾರ 2021ರ ಜುಲೈಯಲ್ಲಿ 50 ವರ್ಷ ಮೀರಿದ ಪುರಾತನ ವಾಹನಗಳಿಗೆ ಪ್ರತ್ಯೇಕ ನೋಂದಣಿಯ ನಿಯಮ ತಂದಿತು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ. ಆದರೆ ಅದು ದ್ವಿಚಕ್ರಗಳಿಗೆ ಮತ್ತು ಸ್ವಂತ ಬಳಕೆಯ ಕಾರುಗಳಿಗೆ ಮಾತ್ರ. ಧರ್ಮಸ್ಥಳದ ಸಂಗ್ರಹದಲ್ಲಿ ಹಳೆಯ ಕಾರುಗಳನ್ನು ಕಂಡು ಸಂತೋಷಪಟ್ಟವರು ನಾವು. ಆ ಕಾರಿನ ಯಜಮಾನನ ಅಡಿಕೆ, ಕಾಫಿ ಹೊತ್ತು ಅವನಿಗೆ ಕಾರು ಕೊಡಿಸಿದ ಲಾರಿಗೆ ಕಾನೂನಿನಲ್ಲಿ ಆ ಗೌರವ ಇಲ್ಲ. ಮತ್ತೆ ಕಟ್ಟಿದ ಲಾರಿ ರಸ್ತೆಗಿಳಿಯಬೇಕಾದರೆ ಸಾಮಾನ್ಯ ಸರಕು ವಾಹನದಂತೆ ವರ್ಷ ವರ್ಷ ಫಿಟ್ನೆಸ್, ವಿಮೆ, ತೆರಿಗೆ ಎಲ್ಲವೂ ಬೇಕು. ಅಷ್ಟು ಖರ್ಚಿಗೆ ಸಿದ್ಧವಿಲ್ಲದವರು ಅಂಗಳದಲ್ಲಿ ನಿಲ್ಲಿಸಿ ಆಯುಧಪೂಜೆಗೆ ಎಂಜಿನ್ ಚಾಲೂ ಮಾಡುವುದಕ್ಕೆ ತೃಪ್ತರಾಗಬೇಕು. ಎರಡರಲ್ಲಿ ಯಾವುದು ಎಂದು ಮೊದಲೇ ತೀರ್ಮಾನಿಸಿದರೆ ಹಣ ಉಳಿಯುತ್ತದೆ.

ಕೊನೆಗೆ ಮರ. ತೊಲೆಗೆ ಮತ್ತಿ, ನಂದಿ ಒಳ್ಳೆಯವು. ಸೊಪ್ಪಿನ ಬೆಟ್ಟ ನಮ್ಮ ಸ್ವಾಧೀನದಲ್ಲಿದ್ದರೂ ಅಲ್ಲಿಯ ಮರಕ್ಕೆ ಪರವಾನಿಗೆಯಿಲ್ಲದೆ ಕೊಡಲಿ ಹಾಕುವಂತಿಲ್ಲ. ಕೆಡವಿದ ಹಳೆಮನೆಯ ತೊಲೆ, ಜಂತಿ ಸಿಕ್ಕರೆ ಅದಕ್ಕಿಂತ ಬೇರೆ ಬೇಡ, ಒಣಗಿ ಒಣಗಿ ಇನ್ನು ಸೆಟೆಯುವ ಭಯವಿಲ್ಲ. ಅದನ್ನು ಸಾಗಿಸುವ ಮುನ್ನ ಅರಣ್ಯ ಕಚೇರಿಯಲ್ಲಿ ಒಂದು ಮಾತು ಕೇಳಿ. ಕೂಡಿಸುವ ಮೊದಲೇ ಪ್ರತಿ ಸಂದಿಗೂ ತೂತಿಗೂ ಗೇರುಸಿಪ್ಪೆಯ ಎಣ್ಣೆ ಹಚ್ಚಬೇಕು. ಕೂಡಿಸಿದ ಮೇಲೆ ಒಳಗೆ ತಲಪದು. ಆ ಎಣ್ಣೆ ಚರ್ಮ ಸುಡುವುದರಿಂದ ಕೈಗೆ ಗವಸು ಇರಲಿ. ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಹೊಯ್ಯುವ ನಮ್ಮ ಸೀಮೆಯಲ್ಲಿ ಪ್ರತಿವರ್ಷ ಮೇ ಮುಗಿಯುವುದರೊಳಗೆ ಇನ್ನೊಂದು ಕೈ ಹಚ್ಚಿ, ಗಾಲಿಯ ಕೆಳಗೆ ಕಲ್ಲು ಕೊಟ್ಟು ಚಾಸಿಯನ್ನು ನೆಲದಿಂದ ಎತ್ತಿ ನಿಲ್ಲಿಸುವುದು.