ಕ್ಷಾಮದ ಲೆಕ್ಕ

ಮಳೆ ಕೈಕೊಟ್ಟು, ಬೆಳೆ ಒಣಗಿ, ನಾಡಿನಲ್ಲಿ ಕಾಳಿಗೆ ಅಭಾವವೊದಗುವುದೇ ಕ್ಷಾಮವೆಂಬ ನಂಬಿಕೆ ನಮ್ಮಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಅದನ್ನು ಪರೀಕ್ಷಿಸಿ ನೋಡಬೇಕೆಂಬ ಯೋಚನೆಯೇ ಸಾಮಾನ್ಯವಾಗಿ ಯಾರಿಗೂ ಹೊಳೆಯುವುದಿಲ್ಲ. ಆ ಪರೀಕ್ಷೆಯನ್ನು ಕೈಗೊಂಡ ಗ್ರಂಥ, ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನರು 1981ರಲ್ಲಿ ಪ್ರಕಟಿಸಿದ ‘ಪಾವರ್ಟಿ ಅಂಡ್ ಫ್ಯಾಮಿನ್ಸ್’. ಕೋಷ್ಟಕಗಳಿಂದಲೂ ಸೂತ್ರಗಳಿಂದಲೂ ಕೂಡಿದ ಅದರ ಪುಟಗಳು ಮೊದಲಿಗೆ ಶುಷ್ಕವೆನಿಸಿದರೂ, ತಾಳ್ಮೆಯಿಂದ ಓದಿದವರಿಗೆ ಆ ಅಂಕಿಗಳ ಹಿಂದಿರುವ ಮನುಷ್ಯಕರುಣೆ ಮರೆಯಾಗಿ ಉಳಿಯದು.

1943ರ ಬಂಗಾಳದ ಮಹಾಕ್ಷಾಮವನ್ನು ಸೇನರು ಬಾಲ್ಯದಲ್ಲಿ ಕಣ್ಣಾರೆ ಕಂಡಿದ್ದರು. ಅದರಲ್ಲಿ ಸುಮಾರು 30 ಲಕ್ಷ ಜನ ಮಡಿದರೆಂಬುದು ಅವರ ಗಣನೆ. ಅಕ್ಕಿಯ ತೀವ್ರ ಕೊರತೆಯೇ ಮುಖ್ಯ ಕಾರಣವೆಂದು ಸರ್ಕಾರದ ವಿಚಾರಣಾ ಆಯೋಗ ತೀರ್ಮಾನಿಸಿತ್ತು. ಸೇನರಾದರೋ ಲೆಕ್ಕವನ್ನು ಮತ್ತೆ ಕೂಡಿಸಿ, ಆ ವರ್ಷ ದೊರೆಯುತ್ತಿದ್ದ ಧಾನ್ಯ ಹಿಂದಿನ ಐದು ವರ್ಷಗಳ ಸರಾಸರಿಗಿಂತ ಶೇಕಡಾ 5ರಷ್ಟು ಮಾತ್ರ ಕಡಿಮೆಯಿದ್ದಿತೆಂದೂ, ಕ್ಷಾಮವಿಲ್ಲದೆ ಕಳೆದ 1941ಕ್ಕಿಂತ ಶೇಕಡಾ 13ರಷ್ಟು ಹೆಚ್ಚೇ ಇದ್ದಿತೆಂದೂ ತೋರಿಸಿದರು.

ಹಾಗಾದರೆ ಜನ ಸತ್ತುದೇಕೆ? ಎರಡನೆಯ ಮಹಾಯುದ್ಧದ ವೆಚ್ಚದಿಂದ ಹಣ ಹೆಚ್ಚಿ, ವ್ಯಾಪಾರಿಗಳ ದಾಸ್ತಾನಿನಿಂದ ಅಕ್ಕಿಯ ಬೆಲೆ ಮತ್ತಷ್ಟು ಏರಿದಾಗ, ಕಲ್ಕತ್ತೆಯ ಅನೇಕ ನೌಕರರಿಗೆ ಅಗ್ಗದ ದರದ ಧಾನ್ಯ ದೊರೆಯುತ್ತಿತ್ತು. ಹಳ್ಳಿಯ ಆಳಿನ ಕೂಲಿ ಮಾತ್ರ ಆ ಬೆಲೆಯ ಹಿಂದೆಯೇ ಉಳಿಯಿತು. ಮೀನುಗಾರನ ಮೀನಿಗೂ ಕ್ಷೌರಿಕನ ಕೆಲಸಕ್ಕೂ ಹಿಂದಿನಷ್ಟು ಅಕ್ಕಿ ಬಾರದಾಯಿತು. ಊಟಕ್ಕೇ ತತ್ವಾರವಾದ ಮನೆಯವರು ಕ್ಷೌರಕ್ಕೆಲ್ಲಿಂದ ಕೊಟ್ಟಾರು? ಬೆಳೆದುದರಲ್ಲಿ ಧಾನ್ಯವನ್ನೇ ಪಾಲಾಗಿ ಪಡೆಯುತ್ತಿದ್ದ ಗೇಣಿದಾರನೂ ಬಡವನೇ. ಆದರೂ ಹಣದ ಕೂಲಿಯನ್ನೇ ನಂಬಿದವನಷ್ಟು ಅವನು ನಾಶವಾಗಲಿಲ್ಲ. ನಾಡಿನಲ್ಲಿ ಧಾನ್ಯವಿರುವುದು ಬೇರೆ, ಅದನ್ನು ತನ್ನದಾಗಿಸಿಕೊಳ್ಳುವ ಶಕ್ತಿ ಒಬ್ಬೊಬ್ಬನಿಗೂ ಇರುವುದು ಬೇರೆ ಎಂಬ ಈ ವಿವೇಚನೆಯೇ ಗ್ರಂಥದ ಜೀವಾಳ.

1974ರ ಬಾಂಗ್ಲಾದೇಶದಲ್ಲಿಯೂ ಇದೇ ಕಥೆ: ತಲೆಗೆ ದೊರೆಯುವ ಧಾನ್ಯ ಆಚೀಚಿನ ವರ್ಷಗಳಿಗಿಂತ ಹೆಚ್ಚಿದ್ದಾಗಲೇ, ಪ್ರವಾಹದಿಂದ ಕೂಲಿ ತಪ್ಪಿದವರು ಹಸಿವಿನಿಂದ ಸತ್ತರು. ಇಥಿಯೋಪಿಯದ ವೊಲ್ಲೊ ಪ್ರಾಂತದ ವೃತ್ತಾಂತವಂತೂ ಇನ್ನೂ ದಾರುಣ. 1973ರಲ್ಲಿ ಅಲ್ಲಿ ಬೆಳೆ ನಿಜವಾಗಿಯೇ ಹೋಗಿತ್ತು. ಆದರೂ ಧಾನ್ಯದ ಬೆಲೆ ಬಹಳ ಏರಲಿಲ್ಲ, ಏಕೆಂದರೆ ಕೊಳ್ಳಬಲ್ಲವರೇ ಇರಲಿಲ್ಲ. ಜನ ಹಸಿದಿರುವಾಗಲೇ ಆ ಪ್ರಾಂತದಿಂದ ಒಂದಿಷ್ಟು ಧಾನ್ಯ ರಾಜಧಾನಿಯ ಕಡೆಗೆ ಸಾಗಿತು.

ಬಂಗಾಳದ ಅಂದಿನ ಅಂಕಿಗಳನ್ನು ಎಷ್ಟರಮಟ್ಟಿಗೆ ನಂಬಬಹುದೆಂದು ಕೆಲವು ವಿದ್ವಾಂಸರು ಆಕ್ಷೇಪವೆತ್ತಿದ್ದಾರೆ. ಅದು ನ್ಯಾಯವಾದ ಚರ್ಚೆಯೇ ಸರಿ. ಆದರೆ ಕೊರತೆ ಇನ್ನಷ್ಟು ಹೆಚ್ಚಾಗಿದ್ದಿತೆಂದು ಒಪ್ಪಿದರೂ, ಸತ್ತವರು ಆಳುಗಳೂ ಬೆಸ್ತರೂ ಆದುದೇಕೆಂಬ ಪ್ರಶ್ನೆಗೆ ಬೆಳೆಯ ಲೆಕ್ಕವೊಂದೇ ಉತ್ತರ ಕೊಡಲಾರದು. ಈ ದೃಷ್ಟಿಯಿಂದ ನೋಡಿದರೆ ಪರಿಹಾರದ ಸ್ವರೂಪವೂ ಬದಲಾಗುತ್ತದೆ: ಧಾನ್ಯವನ್ನು ಸಾಗಿಸುವುದರ ಜೊತೆಗೆ ಕೆರೆ, ರಸ್ತೆಗಳ ಕೆಲಸ ತೆರೆದು ಕೂಲಿ ಕೊಟ್ಟರೆ, ಹಿಂದೆ ಊರಿನಿಂದ ಹೊರಕ್ಕೆ ಹೋಗುತ್ತಿದ್ದ ಧಾನ್ಯವನ್ನು ವ್ಯಾಪಾರಿಯೇ ಊರಿಗೆ ತರುತ್ತಾನೆ.