ದೊಡ್ಡ ಕಾರು ಯಾಕೆ ಕುಲುಕುವುದಿಲ್ಲ?

ದಿಲ್ಲಿಯ ಚಾಣಕ್ಯಪುರಿಯಲ್ಲಿ ಆಟೋ ಸಿಗ್ನಲ್ಲಿಗೆ ನಿಂತಿದೆ. ಪಕ್ಕಕ್ಕೆ ಒಂದು ಮರ್ಸಿಡಿಸ್ ಎಸ್-ಕ್ಲಾಸ್ ಬಂದು ನಿಲ್ಲುತ್ತೆ. ಅದರ ಎಂಜಿನ್ ಓಡ್ತಾ ಇದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ. ನಾವು ಆಟೋದಲ್ಲಿ ಗಡಗಡ ನಡುಗುತ್ತಿದ್ದರೆ, ಅಲ್ಲಿ ಹಿಂದಿನ ಸೀಟಿನ ಯಜಮಾನರಿಗೆ ಜೋಂಪು. “ದುಡ್ಡಿದ್ದೋರ ಕಾರು, ಕುಲುಕಲ್ಲ ಬಿಡ್ರಿ” ಅಂದುಬಿಡಬಹುದು. ಆದರೆ ಬರೀ ದುಡ್ಡು ಕುಲುಕಾಟವನ್ನು ನಿಲ್ಲಿಸಲಾರದು. ಅದರ ಹಿಂದೆ ನಮ್ಮ ಪಿ.ಯು.ಸಿ. ಭೌತಶಾಸ್ತ್ರವೇ ಇದೆ.

ಮೊದಲನೆಯದು ತೂಕ. ಹಳ್ಳಿ ರಸ್ತೆಯಲ್ಲಿ ಖಾಲಿ ಲಾರಿ ಕುಣಿಯುತ್ತೆ, ಜಲ್ಲಿ ತುಂಬಿದ ಲಾರಿ ತೂಗುತ್ತಾ ಹೋಗುತ್ತೆ, ನೋಡಿದ್ದೀರಲ್ಲ? ಸ್ಪ್ರಿಂಗಿನ ಮೇಲಿನ ಭಾರ ಹೆಚ್ಚಿದಷ್ಟೂ ಗುಂಡಿಗೆ ಅದನ್ನು ಅಲುಗಿಸುವುದು ಕಷ್ಟ. ಎಸ್-ಕ್ಲಾಸಿನ ತೂಕ ಸುಮಾರು ಎರಡು ಟನ್ನು.

ಎರಡನೆಯದು ಉದ್ದ. ಬಸ್ಸಿನ ಕೊನೆಯ ಸೀಟಿನವರು ಹಾರಿ ಬೀಳುವುದು, ನಡುವಿನ ಸೀಟಿನವರು ಆರಾಮಾಗಿರುವುದು ನಮಗೆಲ್ಲ ಅನುಭವದ ಮಾತು. ಎಸ್-ಕ್ಲಾಸಿನ ಉದ್ದದ ಮಾದರಿಯಲ್ಲಿ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಮೂರು ಮೀಟರಿಗಿಂತ ಹೆಚ್ಚು ಅಂತರ. ಹೀಗಾಗಿ ಮುಂದೆ ಎದ್ದು ಹಿಂದೆ ಬೀಳುವ ತೊಟ್ಟಿಲಾಟ ಕಡಿಮೆ.

ಮೂರನೆಯದು ಗಾಳಿ. 1998ರ ಮಾದರಿಯಲ್ಲಿ ಉಕ್ಕಿನ ಸುರುಳಿಯ ಜಾಗಕ್ಕೆ ಗಾಳಿ ತುಂಬಿದ ರಬ್ಬರ್ ಚೀಲಗಳು ಬಂದವು. ಹಿಂದೆ ಮೂವರು ದಢೂತಿಗಳು ಕೂತರೂ ಕಾರಿನ ಬಾಲ ಕುಗ್ಗುವುದಿಲ್ಲ. ಕಂಪ್ರೆಸರ್ ಗಾಳಿ ತುಂಬಿ ಮೊದಲಿನ ಎತ್ತರಕ್ಕೇ ತರುತ್ತೆ. ಹೆದ್ದಾರಿಯ ವೇಗದಲ್ಲಿ ಕಾರು ತುಸು ತಗ್ಗುತ್ತೆ, ಕೆಟ್ಟ ರಸ್ತೆಯಲ್ಲಿ ಡ್ರೈವರು ಗುಂಡಿ ಒತ್ತಿದರೆ ಏಳುತ್ತೆ. ಇನ್ನು ಸದ್ದು: 1991ರ ಮಾದರಿಯ ಕಿಟಕಿಗಳಿಗೆ ಎರಡೆರಡು ಗಾಜು, ನಡುವೆ ಗಾಳಿಯ ಪದರ. ಹಾರನ್ನಿನ ಗದ್ದಲವೂ ಮೇ ತಿಂಗಳ ಬಿಸಿಲೂ ಅಲ್ಲೇ ಅರ್ಧ ಸೋಲುತ್ತವೆ.

ಇವೆಲ್ಲ ಸುಖದ ಮಾತಾಯಿತು. ಜೀವ ಉಳಿಸುವ ಉಪಾಯಗಳೂ ಈ ಕಾರಿನಲ್ಲೇ ಮೊದಮೊದಲು ಕಾಣಿಸಿಕೊಂಡವು. ಬ್ರೇಕನ್ನು ಜೋರಾಗಿ ಒತ್ತಿದರೆ ಗಾಲಿ ಕಚ್ಚಿಕೊಂಡು ಕಾರು ಜಾರುತ್ತೆ, ಆಗ ಸ್ಟೀರಿಂಗ್ ತಿರುಗಿಸಿದರೂ ಪ್ರಯೋಜನವಿಲ್ಲ. ಸೆಕೆಂಡಿಗೆ ಹಲವು ಬಾರಿ ಬ್ರೇಕನ್ನು ಬಿಟ್ಟು ಹಿಡಿದು ಇದನ್ನು ತಪ್ಪಿಸುವ ಎಬಿಎಸ್ 1978ರಲ್ಲಿ ಎಸ್-ಕ್ಲಾಸಿಗೆ ಬಂತು, ಏರ್‌ಬ್ಯಾಗ್ 1981ರಲ್ಲಿ. ನಮ್ಮ ದೇಶದ ಎಲ್ಲ ಹೊಸ ಕಾರುಗಳಿಗೆ ಎಬಿಎಸ್, ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರಲ್ಲಿ. ಯಜಮಾನರ ಕಾರಿನಿಂದ ಮೇಷ್ಟರ ಕಾರಿಗೆ ಇಳಿಯಲು ಸುಮಾರು ನಲವತ್ತು ವರ್ಷ! ತಡವಾದರೂ ಇಳಿಯಿತು. 1996ರಿಂದ ಮರ್ಸಿಡಿಸ್‌ನ ಸಂಶೋಧನಾ ಕೇಂದ್ರವೊಂದು ಬೆಂಗಳೂರಿನಲ್ಲಿದೆ. ನಮ್ಮ ಎಂಜಿನಿಯರಿಂಗ್ ಗೆಳೆಯರಲ್ಲಿ ಕೆಲವರು ನಾಳೆ ಅಲ್ಲಿ ಕೂತು ಇಂಥದೇ ಲೆಕ್ಕ ಹಾಕಬಹುದು.

ಆದರೆ ಹೀಗೆ ಕೆಳಗಿಳಿದು ಎಲ್ಲರಿಗೂ ಸಿಗಲಾರದ ಒಂದು ಸೌಕರ್ಯವೂ ಇದೆ, ಅದು ದಿಲ್ಲಿಯಲ್ಲೇ ಚೆನ್ನಾಗಿ ಅರ್ಥವಾಗುತ್ತೆ. 2020ರಲ್ಲಿ ಬಂದ ಮಾದರಿಯಲ್ಲಿ ಗಾಳಿಯ ಸೂಕ್ಷ್ಮ ದೂಳನ್ನು, ಅಂದರೆ ಪಿಎಂ 2.5 ಅನ್ನು, ಸೋಸುವ ಫಿಲ್ಟರಿನ ಜೊತೆಗೆ ಒಳಗೆಷ್ಟು ಹೊರಗೆಷ್ಟು ಅಂತ ಅಳೆಯುವ ವ್ಯವಸ್ಥೆಯನ್ನೂ ಕೊಡಲಾಯಿತು. ನಮ್ಮ ದೇಶದ ಮಾನದಂಡದಂತೆ 24 ಗಂಟೆಯ ಸರಾಸರಿ ಘನಮೀಟರಿಗೆ 60 ಮೈಕ್ರೋಗ್ರಾಂ ಮೀರಬಾರದು. ನವೆಂಬರಿನ ದಿಲ್ಲಿಯಲ್ಲಿ ಅದು ಎಷ್ಟೋ ದಿನ ಹಲವು ಪಟ್ಟು ಮೀರುತ್ತೆ. ತಪ್ಪೆಲ್ಲ ದೊಡ್ಡ ಕಾರಿನದೇ ಅಂತಲ್ಲ. ಲಾರಿಯ ಹೊಗೆ, ಕಟ್ಟಡದ ದೂಳು, ಗದ್ದೆಯಲ್ಲಿ ಸುಡುವ ಭತ್ತದ ಕೂಳೆ ಎಲ್ಲವೂ ಸೇರಿದೆ. ಆದರೂ 2015ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ದಿಲ್ಲಿ ಮತ್ತು ಸುತ್ತಲಿನ ರಾಜಧಾನಿ ಪ್ರದೇಶದಲ್ಲಿ 2000 ಸಿ.ಸಿ. ಮತ್ತು ಅದಕ್ಕಿಂತ ದೊಡ್ಡ ಡೀಸೆಲ್ ಕಾರುಗಳ ನೋಂದಣಿಯನ್ನೇ ನಿಲ್ಲಿಸಿತು. 2016ರ ಆಗಸ್ಟಿನಲ್ಲಿ, ಬೆಲೆಯ ಶೇಕಡಾ 1ರಷ್ಟು ಪರಿಸರ ಸುಂಕ ಕಟ್ಟಬೇಕೆಂದು ಹೇಳಿ, ಮತ್ತೆ ಬಿಟ್ಟಿತು.

ಎಬಿಎಸ್ಸನ್ನು ಸಣ್ಣ ಕಾರಿಗೂ ಕೂಡಿಸಬಹುದು, ಕೂಡಿಸಿದ್ದೂ ಆಯಿತು. ಗಾಳಿಯ ಫಿಲ್ಟರನ್ನೂ ಕೂಡಿಸಬಹುದು ಅನ್ನಿ. ಆದರೆ ಅದೇ ಸಿಗ್ನಲ್ಲಿನಲ್ಲಿ ನಿಂತು ಕೈ ಬೀಸುವ ಪೋಲೀಸಿಗೆ, ಪೆನ್ನು ಮಾರುವ ಹುಡುಗನಿಗೆ, ನಮ್ಮ ಆಟೋದವನಿಗೆ ಅದನ್ನು ಎಲ್ಲಿ ಕೂಡಿಸೋಣ? ಅವರಿಗೆ ಇಡೀ ಊರಿನ ಗಾಳಿಯೇ ಸರಿಯಾಗಬೇಕು. ಎಂಜಿನಿಯರಿಂಗ್ ಗೆಳೆಯರು ಈ ಲೆಕ್ಕವನ್ನೂ ಹಾಕಲಿ.