ಮನೆಯೊಳಗಿನ ಡಾರ್ವಿನ್

ಡಾರ್ವಿನ್ ಎಂದೊಡನೆ ನಮ್ಮಲ್ಲಿ ಅನೇಕರ ಕಣ್ಣೆದುರು ನಿಲ್ಲುವುದು ಶಾಲೆಯ ಪುಸ್ತಕದಲ್ಲಿದ್ದ ಆ ಚಿತ್ರ: ಎದೆಯ ಮೇಲೆ ಇಳಿಬಿದ್ದ ಬಿಳಿಯ ಗಡ್ಡ, ದಟ್ಟ ಹುಬ್ಬುಗಳ ಕೆಳಗೆ ಆಳಕ್ಕಿಳಿದ ಕಣ್ಣುಗಳು. ಮಂಗನಿಂದ ಮಾನವನಾದನೆಂದವರು ಇವರೇ ಅಲ್ಲವೇ ಎಂದು ಕೇಳಿ ನಾವು ಮುಂದಕ್ಕೆ ಸಾಗುತ್ತೇವೆ. (ಅವರು ಹೇಳಿದುದು ಹಾಗಲ್ಲ, ಇಬ್ಬರಿಗೂ ಮೂಲವಂಶ ಒಂದೇ ಎಂದು. ಅದಿರಲಿ.) ಆ ನೀಳವಾದ ಗಡ್ಡ ಬಂದುದು 1860ರ ಅನಂತರ. ಅವರ ಹಿರಿಯ ಮಗಳು ಆನಿ ಅದನ್ನು ಕಾಣಲೇ ಇಲ್ಲ. ಹತ್ತು ವರ್ಷದ ಆ ಹುಡುಗಿ 1851ರ ಏಪ್ರಿಲ್ 23ರಂದು ತೀರಿಕೊಂಡಳು. ನಾವಿಂದು ನೆನೆಯಹೊರಟಿರುವುದು ಆನಿಯ ತಂದೆಯನ್ನು.

ಚಾರ್ಲ್ಸ್ ಡಾರ್ವಿನ್ನರು ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ 1809ರಲ್ಲಿ ಹುಟ್ಟಿದರು. ಬೀಗಲ್ ಹಡಗಿನಲ್ಲಿ ಐದು ವರ್ಷ ಭೂಮಂಡಲವನ್ನು ಸುತ್ತಿ 1836ರಲ್ಲಿ ಮರಳಿದರು. ಅನಂತರ ಮದುವೆ ಬೇಕೋ ಬೇಡವೋ ಎಂಬ ಪ್ರಶ್ನೆ ಎದುರಾದಾಗ ಕಾಗದವೊಂದರ ಮೇಲೆ ಲಾಭನಷ್ಟಗಳ ಪಟ್ಟಿ ಬರೆದು ತೂಗಿನೋಡಿದರು. ಪುಸ್ತಕಕ್ಕೆ ಹಣ ಸಾಲದಾದೀತೆಂಬುದು ನಷ್ಟದ ಕಡೆ. ನಾಯಿಗಿಂತಲಾದರೂ ಮೇಲಾದ ಸಂಗಾತಿ ದೊರೆತಾಳೆಂಬುದು ಲಾಭದ ಕಡೆ! 1839ರ ಜನವರಿಯಲ್ಲಿ ಅವರು ಕೈಹಿಡಿದ ಎಮ್ಮಾ ಬೇರಾರೂ ಅಲ್ಲ, ಸ್ವಂತ ಸೋದರಮಾವನ ಮಗಳು.

ಲಂಡನ್ನಿಗೆ 16 ಮೈಲಿ ದೂರದ ಡೌನ್ ಎಂಬ ಹಳ್ಳಿಯಲ್ಲಿ 1842ರಲ್ಲಿ ಮನೆಮಾಡಿದ ಮೇಲೆ ಅವರು ಅಲ್ಲಿಂದ ಕದಲಿದುದು ಅಪರೂಪ. ಇದನ್ನು ಹೊಗಳುವಾಗ ನಾವು ಒಂದು ಮಾತನ್ನು ಮರೆಯಬಾರದು. ಅವರ ತಂದೆ ಸಿರಿವಂತ ವೈದ್ಯರು. ಸಂಬಳಕ್ಕಾಗಿ ಯಾರ ಬಾಗಿಲಿಗೂ ಹೋಗಬೇಕಾದ ಅಗತ್ಯ ಮಗನಿಗೆ ಬರಲಿಲ್ಲ. ವರ್ಷಕ್ಕೊಮ್ಮೆ ರಜೆ ಬೇಡಿ ಊರ ಮಕ್ಕಳ ಮುಖ ನೋಡಿ ಬರುವವರಿಗೆ ಈ ಭಾಗ್ಯ ಎಲ್ಲಿಯದು? ಆದರೆ ಹಣವಿದ್ದವರೆಲ್ಲರೂ ಹೀಗೆ ಬಾಳಿದರೆಂದಲ್ಲ. ಆ ಕಾಲದ ಸಿರಿವಂತರ ಮನೆಗಳಲ್ಲಿ ಮಕ್ಕಳು ದಾದಿಯರ ಪಾಲು. ಡಾರ್ವಿನ್ನರ ಮನೆಯಲ್ಲಿ ಮಕ್ಕಳು ಓದುವ ಕೋಣೆಗೂ ನುಗ್ಗುತ್ತಿದ್ದರು. ಕೆಲಸದ ಹೊತ್ತಿನಲ್ಲಿ ಆಟಕ್ಕೆ ಬಾ ಎಂದು ನಾಲ್ಕು ವರ್ಷದ ಮಗನೊಬ್ಬ ತಂದೆಗೆ ಆರು ಪೆನ್ನಿ ಲಂಚ ಒಡ್ಡಿದನಂತೆ! ದುಂಬಿಗಳು ಹಾರುವ ದಾರಿಯನ್ನು ಗುರುತಿಸಬೇಕಾದಾಗ ಮಕ್ಕಳನ್ನೇ ತೋಟದಲ್ಲಿ ಅಲ್ಲಲ್ಲಿ ಕಾವಲು ನಿಲ್ಲಿಸಿದರು. ಹಡಗಿನ ತಳಕ್ಕೂ ಕಡಲ ಬಂಡೆಗೂ ಅಂಟಿ ಬೆಳೆಯುವ ಬಾರ್ನಕಲ್ ಎಂಬ ಚಿಪ್ಪಿನ ಜೀವಿಗಳನ್ನು ಅವರು ಎಂಟು ವರ್ಷ ಪರಿಶೀಲಿಸಿದರು. ತಂದೆಯರೆಲ್ಲರಿಗೂ ಇದೇ ಉದ್ಯೋಗವೆಂದು ಬಗೆದ ಮಗುವೊಂದು, ನೆರೆಮನೆಯ ಯಜಮಾನರು ತಮ್ಮ ಬಾರ್ನಕಲ್ ಕೆಲಸವನ್ನು ಯಾವ ಕೋಣೆಯಲ್ಲಿ ಮಾಡುತ್ತಾರೆಂದು ಕೇಳಿತಂತೆ.

ಆನಿಯೆಂದರೆ ತಂದೆಗೆ ಪ್ರಾಣ. ಕದ್ದ ಒಂದು ಚಿಟಿಕೆ ನಶ್ಯವನ್ನು ತಂದೆಗಾಗಿ ಹಿಡಿದು ಮೆಟ್ಟಲಿಳಿದು ಓಡಿಬರುತ್ತಿದ್ದಳು. ತೋಟದ ಮರಳುದಾರಿಯಲ್ಲಿ ಅವರು ನಡೆವಾಗ ಮುಂದೆ ಮುಂದೆ ಗಿರಕಿ ಹೊಡೆಯುತ್ತ ಸಾಗುವಳು. ಅವಳ ಕಾಯಿಲೆ ಬಲಿತಾಗ ಜಲಚಿಕಿತ್ಸೆಗೆ ಹೆಸರಾಗಿದ್ದ ಮಾಲ್ವರ್ನ್ ಎಂಬ ಊರಿಗೆ ಕರೆದೊಯ್ದರು. ಎಮ್ಮಾ ತುಂಬು ಗರ್ಭಿಣಿ, ಪ್ರಯಾಣ ಸಾಧ್ಯವಿಲ್ಲ. ಏಪ್ರಿಲ್ ನಡುವಿನಿಂದ ತಂದೆ ಹಾಸಿಗೆಯ ಬಳಿ ಕುಳಿತರು; ವಾಂತಿ, ಜ್ವರ, ಕುಡಿದ ಒಂದೊಂದು ಚಮಚ ಗಂಜಿ, ಎಲ್ಲವನ್ನೂ ದಿನಕ್ಕೆ ಹಲವು ಸಲ ಹೆಂಡತಿಗೆ ಬರೆದರು. ಕಾಗದ ಡೌನ್ ತಲಪುವುದು ಮರುದಿನ. ಚೇತರಿಸಿದಳೆಂಬ ಸುದ್ದಿಯನ್ನು ತಾಯಿ ಓದಿ ಹಿಗ್ಗುವಾಗ ಅಲ್ಲಿ ಮಗು ಮತ್ತೆ ಕುಸಿದಿರುತ್ತಿತ್ತು. ಊರಿನ ಕಾಗದ ಒಡೆಯುವಾಗ ಕೈ ನಡುಗಿದ ಅನುಭವ ನಮ್ಮ ಹಿರಿಯರಿಗೆ ಉಂಟು. ಅವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಗಳು ಕಣ್ಮುಚ್ಚಿದ ಮರುದಿನವೇ ಡಾರ್ವಿನ್ನರು ಮಣ್ಣುಮಾಡುವ ಕಾರ್ಯವನ್ನು ಬಂಧುಗಳಿಗೆ ಒಪ್ಪಿಸಿ ಎಮ್ಮಾಳ ಬಳಿಗೆ ಧಾವಿಸಿದರು. ಕಠಿಣ ನಡತೆಯೆಂದು ಯಾರಿಗಾದರೂ ತೋರಬಹುದು, ನಮಗೆ ಹಾಗೆ ತೋರುವುದಿಲ್ಲ. ಹೋದವಳಿಗೆ ಅವರಿಂದ ಮಾಡಬಹುದಾದುದು ಉಳಿದಿರಲಿಲ್ಲ. ಇದ್ದವಳು ಒಬ್ಬಳೇ ಇದ್ದಳು. ಒಂದು ವಾರದ ಬಳಿಕ ಮಗಳ ನೆನಪುಗಳನ್ನು ಬರೆದಿಟ್ಟರು. ಅವರ ದೈವನಂಬಿಕೆ ಅಳಿದುದು ಈ ಸಾವಿನಿಂದಲೇ ಎನ್ನುವವರಿದ್ದಾರೆ. ಆ ನಂಬಿಕೆ ಅದಕ್ಕೂ ಹಿಂದೆಯೇ ಸಡಿಲಿತ್ತು. ಹೀಗೆ ಒಂದೇ ಗಂಟು ಹಾಕುವುದು ನಮಗೆ ಒಪ್ಪಿಗೆಯಲ್ಲ.

ಇನ್ನೊಂದು ಪೆಟ್ಟು 1858ರಲ್ಲಿ ಬಿದ್ದಿತು. ಇಪ್ಪತ್ತು ವರ್ಷ ತಾವು ಸಾಕಿಬಂದ ಸಿದ್ಧಾಂತವನ್ನೇ ವಾಲೆಸ್ ಎಂಬ ಯುವಕ ಪೂರ್ವದ್ವೀಪಗಳಿಂದ ಬರೆದು ಕಳುಹಿಸಿದ್ದು ಜೂನ್ ತಿಂಗಳಲ್ಲಿ ಅವರ ಕೈಸೇರಿತು. ಅದೇ ದಿನಗಳಲ್ಲಿ ಒಂದೂವರೆ ವರ್ಷದ ಕೊನೆಯ ಮಗನಿಗೆ ಕೆಂಜ್ವರ. ಜುಲೈ 1ರಂದು ಲಂಡನ್ನಿನ ಲಿನಿಯನ್ ಸಂಘದಲ್ಲಿ ಇಬ್ಬರ ಬರಹಗಳನ್ನೂ ಓದಲಾಯಿತು. ಜೀವವಿಜ್ಞಾನದ ದಿಕ್ಕನ್ನೇ ತಿರುಗಿಸಿದ ಆ ಸಭೆಯಲ್ಲಿ ಡಾರ್ವಿನ್ನರಿರಲಿಲ್ಲ; ಅಂದು ಅವರು ಡೌನ್‌ನಲ್ಲಿ ಮಗುವನ್ನು ಮಣ್ಣುಮಾಡುತ್ತಿದ್ದರು.

ಹತ್ತು ಮಕ್ಕಳಲ್ಲಿ ಮೂವರು ಹೀಗೆ ಹೋದರು. ಸೋದರಿಕೆಯ ಮದುವೆಯೇ ಮಕ್ಕಳ ನಿಶ್ಶಕ್ತಿಗೆ ಕಾರಣವೋ ಎಂಬ ಚಿಂತೆ ಮುಳ್ಳಿನಂತೆ ಉಳಿಯಿತು. ಅಂತಹ ಮದುವೆಗಳ ಲೆಕ್ಕವನ್ನು ಜನಗಣತಿಯಲ್ಲಿ ಸೇರಿಸಬೇಕೆಂದು 1870ರಲ್ಲಿ ಅವರು ಮಾಡಿಸಿದ ಯತ್ನವನ್ನು ಪಾರ್ಲಿಮೆಂಟು ತಳ್ಳಿಹಾಕಿತು. ಈ ಸಂಬಂಧವನ್ನು ಸಹಜವೆಂದೇ ಕಂಡಿರುವ ನಮ್ಮ ಕಡೆಯ ಮನೆಗಳಿಗೂ ಆ ಪ್ರಶ್ನೆ ಸಲ್ಲುತ್ತದೆ.

ಉಳಿದ ಮಕ್ಕಳು ಬೆಳೆದರು. ಜಾರ್ಜ್ ಖಗೋಳವಿಜ್ಞಾನಿಯಾದರು, ಫ್ರಾನ್ಸಿಸ್ ಸಸ್ಯವಿಜ್ಞಾನಿಯಾದರು. ಪ್ರತಿ ರಾತ್ರಿ ಗಂಡಹೆಂಡಿರು ಪಗಡೆಯನ್ನು ಹೋಲುವ ಬ್ಯಾಕ್‌ಗ್ಯಾಮನ್ ಆಡುವರು. 1876ರಲ್ಲಿ ಮಿತ್ರರೊಬ್ಬರಿಗೆ ಬರೆದಂತೆ ಎಮ್ಮಾ ಗೆದ್ದುದು 2,490 ಆಟ, ತಾವು 2,795. ಎರೆಹುಳುಗಳಿಗೆ ಕಿವಿಯುಂಟೇ ಎಂದು ಪರೀಕ್ಷಿಸಲು ಎಮ್ಮಾ ಪಿಯಾನೊ ನುಡಿಸಿದರು, ಮೊಮ್ಮಗ ಪೀಪಿ ಊದಿದನು. ಹುಳುಗಳು ಮಿಸುಕಲಿಲ್ಲ.

ಡಾರ್ವಿನ್ನರು 1882ರ ಏಪ್ರಿಲ್ 19ರಂದು ಡೌನ್ ಮನೆಯಲ್ಲಿಯೇ ತೀರಿಕೊಂಡರು. ಎಮ್ಮಾ 1896ರವರೆಗೆ ಬಾಳಿದರು. ಅವರು ಕೊನೆಯವರೆಗೂ ಜೋಪಾನ ಮಾಡಿದ್ದ ಆನಿಯ ಬರೆಯುವ ಪೆಟ್ಟಿಗೆ ಆಮೇಲೆ ಮಗಳು ಹೆನ್ರಿಯೆಟ್ಟಾಳ ಕೈಸೇರಿತು. ಅದರಲ್ಲಿ ಲೇಖನಿಗಳಿದ್ದುವು, ಮುದ್ರೆಯೊತ್ತುವ ಅರಗಿತ್ತು, ಒಂದು ಕುಚ್ಚು ಕೂದಲಿತ್ತು.